ನಕ್ಷೆ ಯಾರ ಸೊತ್ತು?

ಹಣ ಕೊಟ್ಟು ಕೊಂಡ ಯಂತ್ರದ ಬೆನ್ನು ಬಿಚ್ಚಿ ನೋಡುವ ಹಕ್ಕು ಕೊಂಡವನಿಗೆ ಉಂಟೋ ಇಲ್ಲವೋ? ಪ್ರಶ್ನೆ ಚಿಕ್ಕದೆಂದು ತೋರಬಹುದು. ಆದರೆ ಗಿರಣಿ ಕೆಲಸಗಾರನ ಕಿಸೆಯೂ ಬೀದಿಯ ರಿಪೇರಿ ಅಂಗಡಿಯವನ ಅನ್ನವೂ ಇದರ ಮೇಲೆ ನಿಂತಿವೆ.

1947ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಇಂಗ್ಲೆಂಡಿನ ‘ವೈರ್‌ಲೆಸ್ ವರ್ಲ್ಡ್’ ಮಾಸಪತ್ರಿಕೆಯು ಡಿ. ಟಿ. ಎನ್. ವಿಲಿಯಮ್ಸನ್ ಎಂಬ ಇಂಜಿನಿಯರರ ಆಂಪ್ಲಿಫೈಯರ್ ನಕ್ಷೆಯನ್ನು ಅಚ್ಚು ಹಾಕಿತು. ಕಡೆಯ ಹಂತದಲ್ಲಿ ಎರಡು ಕೆ.ಟಿ. 66 ವಾಲ್ವುಗಳು, 15 ವಾಟ್ ಶಕ್ತಿ. ಸ್ವರದ ವಿಕಾರ ನೂರಕ್ಕೆ 0.1ರಷ್ಟೂ ಇಲ್ಲ. ಪತ್ರಿಕೆ ಕೊಂಡವರು ಅದನ್ನು ಮನೆಯ ಮೇಜಿನ ಮೇಲೆಯೇ ಕಟ್ಟಬಹುದಾಗಿತ್ತು. ದೇಶದೇಶಗಳಲ್ಲಿ ಬಹಳ ಮಂದಿ ಕಟ್ಟಿದರು. ನಮ್ಮಲ್ಲಿಯೂ ಬೆಂಗಳೂರಿನ ಸರ್ಕಾರಿ ಕಾರ್ಖಾನೆ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೋ ವಾಲ್ವುಗಳನ್ನು ತಯಾರಿಸತೊಡಗಿತು.

ಆ ಕಾಲದ ಪೆಟ್ಟಿಗೆಗಳು ಇಂದಿಗೂ ಹಾಡುತ್ತಿದ್ದರೆ ಅದು ಪವಾಡವಲ್ಲ. ಅವುಗಳಲ್ಲಿ ಕೆಡುವ ಭಾಗಗಳು ಕೆಲವೇ. ಅವನ್ನು ಕೈಯಿಂದ ಬದಲಿಸಬಹುದು. ರಬ್ಬರ್ ಹೊದಿಕೆಯ ತಂತಿ ಒಣಗಿ ಪುಡಿಯಾಗುತ್ತದೆ. ಕಾಗದದ ಕಂಡೆನ್ಸರ್ ಸೋರತೊಡಗಿದರೆ ಕಡೆಯ ವಾಲ್ವಿನ ಗ್ರಿಡ್ಡಿಗೆ ಬರಬಾರದ ವೋಲ್ಟೇಜು ಬರುತ್ತದೆ. ವಾಲ್ವು ಕೆಂಪಗೆ ಕಾದು, ಬೆಲೆಬಾಳುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೂ ಸುಟ್ಟೀತು. ಅಗ್ಗದ ಕಂಡೆನ್ಸರನ್ನು ಹೊತ್ತಿಗೆ ಸರಿಯಾಗಿ ಬದಲಿಸಿದವನು ದುಬಾರಿ ಟ್ರಾನ್ಸ್‌ಫಾರ್ಮರನ್ನು ಉಳಿಸಿಕೊಳ್ಳುತ್ತಾನೆ.

“ಒಳಗೆ ಅಪಾಯವಿದೆ, ಆದ್ದರಿಂದ ಮುಚ್ಚಿಟ್ಟಿದ್ದೇವೆ” ಎಂದು ಮಾಲೀಕರು ಹೇಳುತ್ತಾರೆ. ಅಪಾಯವಿರುವುದು ನಿಜ. ಪ್ಲಗ್ಗು ಕಿತ್ತ ಮೇಲೂ ಫಿಲ್ಟರ್ ಕಂಡೆನ್ಸರಿನಲ್ಲಿ 400 ವೋಲ್ಟ್ ಉಳಿದಿರಬಹುದು. ಅದು ಪ್ರಾಣ ತೆಗೆದೀತು. ಅದನ್ನು ರೆಸಿಸ್ಟರಿನ ಮೂಲಕ ಬರಿದು ಮಾಡಿ, ಮೀಟರಿನಲ್ಲಿ ನೋಡಿಯೇ ಕೈಯಿಡಬೇಕು. ವರ್ಷಗಟ್ಟಲೆ ಮೂಲೆಯಲ್ಲಿದ್ದುದನ್ನು ಒಮ್ಮೆಲೇ ಮೈನ್ಸಿಗೆ ಹಾಕಬಾರದು. ದಾರಿಯಲ್ಲಿ ಹಳೆಯ ತಂತಿಬಲ್ಬೊಂದನ್ನು ಸರಣಿಯಾಗಿ ಸೇರಿಸಬೇಕು. ಬಲ್ಬು ಪ್ರಕಾಶವಾಗಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆಯೆಂದು ತಿಳಿಯಬೇಕು. ಮೈನ್ಸ್ ಟ್ರಾನ್ಸ್‌ಫಾರ್ಮರ್ ಇಲ್ಲದ ಹಳೆಯ ರೇಡಿಯೋಗಳಲ್ಲಿ ಲೋಹದ ಚಾಸಿಗೇ ಕರೆಂಟು ಬಂದಿರಬಹುದು. ಪಳಗದ ಕೈ ಅವುಗಳಿಂದ ದೂರವಿರಲಿ. ಇವನ್ನೆಲ್ಲ ತಿಳಿದವನು ಉಳಿಯುತ್ತಾನೆ, ತಿಳಿಯದವನು ಸಾಯುತ್ತಾನೆ. ಹಾಗಿರುವಾಗ ತಿಳಿವಳಿಕೆಯನ್ನು ಬಚ್ಚಿಡುವುದು ರಕ್ಷಣೆ ಹೇಗಾದೀತು?

ಇಂದಿನ ಎಷ್ಟೋ ಪೆಟ್ಟಿಗೆಗಳಿಗೆ ತಿರುಪಿನ ಬದಲು ಅಂಟು. ನಕ್ಷೆ ಕೇಳಿದರೆ ವ್ಯಾಪಾರದ ಗುಟ್ಟು. ಬಿಡಿಭಾಗ ಕೇಳಿದರೆ ಹೊಸದನ್ನೇ ಕೊಳ್ಳಿ ಎಂಬ ಉಪದೇಶ. ಇದರಿಂದ ಕೊಂಡವನು ಮತ್ತೆ ಸಾಲ ಮಾಡುತ್ತಾನೆ, ರಿಪೇರಿಯವನು ಅಂಗಡಿ ಮುಚ್ಚುತ್ತಾನೆ. ಲಾಭ ಮಾತ್ರ ಒಂದೇ ಕಡೆಗೆ ಹರಿಯುತ್ತದೆ.

2022ರಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಬಗ್ಗೆ ಸಮಿತಿಯೊಂದನ್ನು ನೇಮಿಸಿ, ಅದೇ ವರ್ಷ ಜಾಲತಾಣವನ್ನೂ ತೆರೆಯಿತು. ಯೂರೋಪಿನ ಒಕ್ಕೂಟ 2024ರಲ್ಲಿ ಕೆಲವು ಗೃಹೋಪಯೋಗಿ ವಸ್ತುಗಳಿಗೆ ರಿಪೇರಿ ಹಕ್ಕಿನ ನಿರ್ದೇಶನವನ್ನೇ ಹೊರಡಿಸಿತು. ಮನಸ್ಸಿದ್ದರೆ ಮಾಹಿತಿ ಕೊಡಿ ಎನ್ನುವುದು ಬೇರೆ, ಕೊಡಲೇಬೇಕು ಎನ್ನುವ ಕಾಯಿದೆ ಬೇರೆ.

ನಮಗೆ ಬೇಕಾದದ್ದು ಎರಡನೆಯದು. ಮಾರಾಟವಾಗುವ ಪ್ರತಿ ಯಂತ್ರದ ನಕ್ಷೆ ಬಹಿರಂಗವಾಗಬೇಕು; ಬಿಡಿಭಾಗ ನ್ಯಾಯವಾದ ಬೆಲೆಗೆ ಯಾವ ಅಂಗಡಿಗಾದರೂ ಸಿಗಬೇಕು; ಕೈಗಾರಿಕಾ ತರಬೇತಿ ಶಾಲೆಗಳು ಸಂಜೆ ಹೊತ್ತು ದುಡಿಯುವವರಿಗೂ ಬೆಸುಗೆ ಕಲಿಸಬೇಕು. 1947ರಲ್ಲಿ ಒಂದು ಮಾಸಪತ್ರಿಕೆ ಕೊಡಬಲ್ಲದ್ದಾಗಿದ್ದನ್ನು ಇಂದಿನ ಕೋಟ್ಯಧೀಶ ಕಂಪನಿಗಳು ಕೊಡಲಾರವೆಂದರೆ ಯಾರು ನಂಬುತ್ತಾರೆ?