ಹನ್ನೆರಡು ಪದ ಯಾರ ಕೈಲಿದೆ?



ಸ್ವಲ್ಪ ಉದ್ದದ ಪೋಸ್ಟ್. ಒಳಮೀಸಲಾತಿ, ಹಾಸ್ಟೆಲ್ ಊಟ, ಸ್ಮಶಾನದ ಜಾಗ ಅಂತ ಬರೆಯುವವನು ಇವತ್ತು ಕ್ರಿಪ್ಟೊ ವ್ಯಾಲೆಟ್ ಬಗ್ಗೆ ಯಾಕೆ ಬರೀತಿದಾನೆ ಅಂತ ನೀವು ಕೇಳಬಹುದು. ಪೂರ್ತಿ ಓದಿ, ಆಮೇಲೆ ಬೈಯಿರಿ.

ನನ್ನ ಅಕ್ಕನ ಮಗ ಡಿಪ್ಲೊಮಾ ಮುಗಿಸಿ ಫ್ಯಾಕ್ಟರಿಯೊಂದರಲ್ಲಿ ಕಂಟ್ರಾಕ್ಟ್ ಕೆಲಸ ಮಾಡ್ತಾನೆ. ಅವನ 42 ಸಾವಿರ ರೂಪಾಯಿ ಹೋಯಿತು. ಅದರಲ್ಲಿ 25 ಸಾವಿರ ಅವನ ಉಳಿತಾಯ. ಉಳಿದ 17 ಸಾವಿರ ಅಕ್ಕ ಮಹಿಳಾ ಸಂಘದಲ್ಲಿ ಸಾಲ ಎತ್ತಿ ಕೊಟ್ಟದ್ದು. ದುಡ್ಡು ಹೋಯಿತು, ಕಂತು ನಿಂತಿಲ್ಲ. ಅಕ್ಕ ಈಗಲೂ ವಾರ ವಾರ ಕಟ್ಟುತ್ತಿದ್ದಾಳೆ.

ಆದದ್ದು ಇಷ್ಟು. ಟೆಲಿಗ್ರಾಮ್‌ನಲ್ಲಿ ಒಂದು ಗುಂಪು. ಗುಂಪಿನ ಚಿತ್ರ ಬಾಬಾಸಾಹೇಬರದು. ದಿನಾ ಬೆಳಗ್ಗೆ "ಜೈಭೀಮ್ ಬ್ರದರ್ಸ್" ಅಂತ ಮೆಸೇಜು. "ಬ್ಯಾಂಕಿನವರು ಜಾತಿ ನೋಡ್ತಾರೆ, ಬ್ಲಾಕ್‌ಚೈನ್ ಜಾತಿ ಕೇಳಲ್ಲ" ಅಂತ ಉಪದೇಶ. ಹುಡುಗ ನಂಬಿದ. ಯಾಕೆ ನಂಬಲ್ಲ ಹೇಳಿ? ಅವನಪ್ಪ ಒಂದು ಸಣ್ಣ ಸಾಲಕ್ಕೆ ಎಷ್ಟು ಸಲ ಬ್ಯಾಂಕಿನ ಬಾಗಿಲಲ್ಲಿ ನಿಂತು ವಾಪಸ್ ಬಂದರು ಅಂತ ನೋಡಿಕೊಂಡೇ ಬೆಳೆದವನು ಅವನು.

ಆ ಗುಂಪಿನ ಒಬ್ಬ "ಅಣ್ಣ" ಫೋನ್ ಮಾಡಿದ. "ಎಕ್ಸ್‌ಚೇಂಜ್‌ನಲ್ಲಿ ಇಟ್ಟರೆ ಕಾಯಿನ್ ನಿನ್ನದಲ್ಲ, ಸ್ವಂತ ವ್ಯಾಲೆಟ್‌ನಲ್ಲಿ ಇಡು. ಬ್ರೌಸರ್‌ಗೆ ಎಕ್ಸ್‌ಟೆನ್ಷನ್ ಹಾಕೋದು ನಾನು ಹೇಳ್ಕೊಡ್ತೀನಿ, ಸ್ಕ್ರೀನ್ ಶೇರ್ ಮಾಡು" ಅಂದ. ಒಳ್ಳೆ ಮೇಷ್ಟ್ರ ಥರ ಹೇಳಿಕೊಟ್ಟ. ಪಾಸ್‌ವರ್ಡ್ ಹಾಕುವಾಗ "ನನಗೆ ಹೇಳಬೇಡ, ನೀನೇ ಹಾಕ್ಕೋ" ಅಂದನಂತೆ. ಆಮೇಲೆ ಪರದೆ ಮೇಲೆ ಹನ್ನೆರಡು ಇಂಗ್ಲಿಷ್ ಪದ ಬಂದವು. "ಪೇಪರ್ ಮೇಲೆ ಬರ್ಕೊ, ಯಾರಿಗೂ ತೋರಿಸಬೇಡ" ಅಂದ. ನಮ್ಮ ಹುಡುಗ ಶ್ರದ್ಧೆಯಿಂದ ಬರೆದುಕೊಂಡ. ಆ ಕಡೆ ಅವನೂ ಬರೆದುಕೊಂಡ.

ಎಕ್ಸ್‌ಚೇಂಜ್‌ನಲ್ಲಿ ಕೊಂಡ ಈಥರ್ ಅನ್ನು ಈ ವ್ಯಾಲೆಟ್‌ಗೆ ಕಳಿಸಿದ ಒಂಬತ್ತನೇ ದಿನಕ್ಕೆ ಎಲ್ಲಾ ಖಾಲಿ.

"ಪಾಸ್‌ವರ್ಡ್ ನನ್ನ ಹತ್ರಾನೇ ಇತ್ತಲ್ಲ ಮಾವ, ಹೆಂಗೆ ಹೋಯ್ತು?" ಅಂತ ಕೇಳಿದ. ನನ್ನ ಹತ್ರ ಉತ್ತರ ಇರಲಿಲ್ಲ.

ಇದರಲ್ಲಿ ನನ್ನ ತಪ್ಪೂ ಇದೆ, ಹೇಳಿಬಿಡ್ತೀನಿ. ಇದೆಲ್ಲ ಆಗುವ ಎರಡು ತಿಂಗಳ ಮುಂಚೆ ಅವನು ನನ್ನನ್ನೇ ಕೇಳಿದ್ದ, "ಮಾವ, ಇದು ಹೆಂಗೆ, ಸೇಫಾ?" ಅಂತ. "ಅದೆಲ್ಲ ಜೂಜು ಕಣೋ, ಬಿಡು" ಅಂತ ಹೇಳಿ ನಾನು ಮೀಟಿಂಗಿಗೆ ಹೊರಟೆ. ಅವನು ಬಿಡಲಿಲ್ಲ, ಬೇರೆಯವರನ್ನ ಕೇಳಿದ. ನಾವು ಕಲಿಸದೇ ಇದ್ದದ್ದನ್ನ ಕಳ್ಳ ಕಲಿಸಿದ.

ನಮ್ಮ ವಲಯದಲ್ಲಿ ಈ ವಿಷಯ ಎತ್ತಿದರೆ ಎರಡು ಥರದ ಮಾತು ಬರುತ್ತೆ. ಒಂದು, ಇದು ಬಂಡವಾಳಶಾಹಿಗಳ ಜೂಜು, ಇದನ್ನ ಕಲಿಸೋದೇ ತಪ್ಪು ಅನ್ನೋದು. ಇನ್ನೊಂದು, ಇದೇ ನಮ್ಮ ಆರ್ಥಿಕ ವಿಮೋಚನೆ, ಬಾಬಾಸಾಹೇಬರು ಇದ್ದಿದ್ದರೆ ಬಿಟ್‌ಕಾಯಿನ್ ಪರ ಇರುತ್ತಿದ್ದರು ಅನ್ನೋದು. ಎರಡನ್ನೂ ನಾನು ಒಪ್ಪಲ್ಲ.

ಎರಡನೆಯವರಿಗೆ ಮೊದಲು ಹೇಳ್ತೀನಿ. ಬಾಬಾಸಾಹೇಬರು 'ದಿ ಪ್ರಾಬ್ಲಂ ಆಫ್ ದಿ ರುಪೀ' ಪುಸ್ತಕ ಪ್ರಕಟಿಸಿದ್ದು 1923ರಲ್ಲಿ. ಹಣದ ಬೆಲೆ ಸ್ಥಿರವಾಗಿರಬೇಕು ಅನ್ನೋದು ಅಲ್ಲಿ ಅವರ ದೊಡ್ಡ ಕಾಳಜಿ. 2021ರ ನವೆಂಬರ್‌ನಲ್ಲಿ 69 ಸಾವಿರ ಡಾಲರ್ ಮುಟ್ಟಿದ ಬಿಟ್‌ಕಾಯಿನ್ ಒಂದೇ ವರ್ಷದಲ್ಲಿ 16 ಸಾವಿರದ ಹತ್ತಿರ ಬಂದಿತ್ತು. ಇಂಥದ್ದಕ್ಕೆ ಅವರ ಹೆಸರು ಅಂಟಿಸುವ ಮೊದಲು ಪುಸ್ತಕ ತೆರೆದು ನೋಡಿ. ಬ್ಲಾಕ್‌ಚೈನ್ ಜಾತಿ ಕೇಳಲ್ಲ, ನಿಜ. ಆದರೆ ನಷ್ಟಕ್ಕೆ ಜಾತಿ ಇದೆ. ಹತ್ತು ಎಕರೆ ತೋಟ ಇರುವವನ 42 ಸಾವಿರ ಹೋದರೆ ಅದು ಅವನಿಗೆ ಬುದ್ಧಿ ಕಲಿತ ಲೆಕ್ಕ. ನಮ್ಮ ಮನೆಯಲ್ಲಿ ಹೋದರೆ ತಂಗಿಯ ಕಾಲೇಜು ಫೀಸು.

ಮೊದಲನೆಯವರಿಗೆ ಹೇಳೋದು, ನಮ್ಮ ಹುಡುಗರ ಕೈಲಿ ಫೋನು, ಲ್ಯಾಪ್‌ಟಾಪ್ ಆಗಲೇ ಇದೆ. ಬೇಡ ಅಂದರೆ ಬಿಡೋ ಕಾಲ ಹೋಯಿತು. ಕೊಳ್ಳಿ ಅಂತ ನಾನು ಹೇಳ್ತಿಲ್ಲ. ಕೊಳ್ಳುವವನಿಗೆ ಬೀಗ ಹಾಕೋದಾದರೂ ಗೊತ್ತಿರಲಿ ಅಂತಿದೀನಿ.

ಅದಕ್ಕೇ ಎರಡು ಭಾನುವಾರ ಮಗಳನ್ನ ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಒಂದು ವ್ಯಾಲೆಟ್ ಮಾಡಿ ನೋಡಿದೆ. ಒಂದು ರೂಪಾಯಿಯನ್ನೂ ಹಾಕಲಿಲ್ಲ. ಆಫೀಸಿನಲ್ಲಿ ಫೈಲು ನೋಡುವವನಿಗೆ ಅರ್ಥವಾದ ಮೇಲೆ ನಿಮಗೂ ಆಗುತ್ತೆ.

ಎಕ್ಸ್‌ಟೆನ್ಷನ್ ಅಂದರೆ ಕ್ರೋಮ್, ಫೈರ್‌ಫಾಕ್ಸ್ ಥರದ ಬ್ರೌಸರ್‌ಗೆ ಸೇರಿಸಿಕೊಳ್ಳುವ ಸಣ್ಣ ಪ್ರೋಗ್ರಾಂ. ವ್ಯಾಲೆಟ್ ಎಕ್ಸ್‌ಟೆನ್ಷನ್‌ಗಳಲ್ಲಿ ಹೆಚ್ಚು ಹೆಸರಾದದ್ದು 2016ರಲ್ಲಿ ಬಂದ ಮೆಟಾಮಾಸ್ಕ್. ವ್ಯಾಲೆಟ್ ಅಂದರೂ ಅದರೊಳಗೆ ದುಡ್ಡು ಇರಲ್ಲ. ಯಾರ ಹೆಸರಲ್ಲಿ ಎಷ್ಟಿದೆ ಅನ್ನೋ ಲೆಕ್ಕ ಇರೋದು ಬ್ಲಾಕ್‌ಚೈನ್‌ನಲ್ಲಿ. ವ್ಯಾಲೆಟ್‌ನಲ್ಲಿರೋದು ಬೀಗದ ಕೈ. ಆ ಬೀಗದ ಕೈ ಹುಟ್ಟೋದು 2048 ಇಂಗ್ಲಿಷ್ ಪದಗಳ ಪಟ್ಟಿಯಿಂದ ಆರಿಸಿ ಬರುವ ಹನ್ನೆರಡು ಪದಗಳಿಂದ. ಇದಕ್ಕೆ ಸೀಡ್ ಫ್ರೇಸ್ ಅಂತಾರೆ.

ಹುಡುಗನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲಿ. ಪಾಸ್‌ವರ್ಡ್ ಕಾಯೋದು ಆ ಒಂದು ಕಂಪ್ಯೂಟರಿನ ಆ ಒಂದು ಬ್ರೌಸರನ್ನ ಮಾತ್ರ. ಹನ್ನೆರಡು ಪದ ಗೊತ್ತಿರುವವನು ಪ್ರಪಂಚದ ಯಾವ ಮೂಲೆಯಲ್ಲಾದರೂ ಕೂತು ತನ್ನ ಕಂಪ್ಯೂಟರಿನಲ್ಲಿ ಅದೇ ವ್ಯಾಲೆಟ್ ತೆರೆಯಬಹುದು. ನಿಮ್ಮ ಪಾಸ್‌ವರ್ಡ್ ಬೇಡ, ಓಟಿಪಿ ಬೇಡ, ಸಹಿ ಬೇಡ.

ನನಗೆ ನಮ್ಮ ತಾತ ನೆನಪಾದರು. ಸರ್ಕಾರ ಕೊಟ್ಟ ಎರಡು ಎಕರೆ ದರಖಾಸ್ತು ಜಮೀನನ್ನು ಊರಿನ ದೊಡ್ಡವರೊಬ್ಬರ ಜಗಲಿಯಲ್ಲಿ ಹೆಬ್ಬೆಟ್ಟು ಒತ್ತಿ ಕಳೆದುಕೊಂಡವರು. ಕಾಗದದಲ್ಲಿ ಏನಿದೆ ಅಂತ ಓದಿ ಹೇಳಿದವನೂ ಅವರ ಕಡೆಯವನೇ. ಆದರೆ ಆ ಜಮೀನಿಗೆ 1978ರ ಪಿಟಿಸಿಎಲ್ ಕಾಯ್ದೆ ಇತ್ತು. ಅಪ್ಪ ವರ್ಷಗಟ್ಟಲೆ ಎ.ಸಿ. ಕೋರ್ಟಿಗೆ ಅಲೆದು ಬಿಡಿಸಿಕೊಂಡರು. ವ್ಯಾಲೆಟ್‌ನಿಂದ ಹೋದದ್ದನ್ನ ವಾಪಸ್ ಕೊಡಿಸೋಕೆ ಬ್ಲಾಕ್‌ಚೈನ್‌ನಲ್ಲಿ ಎ.ಸಿ. ಸಾಹೇಬರಿಲ್ಲ. ಹೋದ ವ್ಯವಹಾರವನ್ನ ರದ್ದು ಮಾಡುವ ಬಟನ್ ಇಲ್ಲ. ಅದಕ್ಕೆ ಶುರುವಿನಲ್ಲೇ ಎಚ್ಚರ.

ನಾನು ಕಲಿತದ್ದು ಇದು. ಸೇವ್ ಮಾಡಿಟ್ಟುಕೊಳ್ಳಿ.

1. ಒಬ್ಬರೇ ಕೂತು ಮಾಡಿ. ಸ್ಕ್ರೀನ್ ಶೇರ್ ಬೇಡ, ಎನಿಡೆಸ್ಕ್ ಬೇಡ. ಆಫೀಸಿನ ಕಂಪ್ಯೂಟರ್, ಸೈಬರ್ ಸೆಂಟರ್, ಸ್ನೇಹಿತನ ಲ್ಯಾಪ್‌ಟಾಪ್ ಯಾವುದೂ ಬೇಡ. ಕ್ರೋಮ್‌ನಲ್ಲಿ ವ್ಯಾಲೆಟ್‌ಗೆ ಅಂತಲೇ ಬೇರೆ ಪ್ರೊಫೈಲ್ ಮಾಡಿ, ಅದಕ್ಕೆ ಬೇರೆ ಎಕ್ಸ್‌ಟೆನ್ಷನ್ ಹಾಕಬೇಡಿ.

2. ಗೂಗಲ್‌ನಲ್ಲಿ ಹುಡುಕಿ ಮೇಲೆ ಬಂದದ್ದನ್ನ ಒತ್ತಬೇಡಿ. ಮೇಲೆ ಬರುವುದು ಎಷ್ಟೋ ಸಲ ಜಾಹೀರಾತು, ಅದರಲ್ಲಿ ನಕಲಿಯೂ ಇರುತ್ತೆ. ವಿಳಾಸವನ್ನ ಕೈಯಾರೆ ಟೈಪ್ ಮಾಡಿ, ಮೆಟಾಮಾಸ್ಕ್ ಡಾಟ್ ಐಓ. ಅಕ್ಷರ ಅಕ್ಷರ ನೋಡಿ. ಅಲ್ಲಿಂದಲೇ ಕ್ರೋಮ್ ಸ್ಟೋರ್‌ಗೆ ಹೋಗಿ. ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ ಲಿಂಕ್, ಫೈಲ್ ಬೇಡವೇ ಬೇಡ.

3. ಹೊಸ ವ್ಯಾಲೆಟ್ ಮಾಡಿ ಅನ್ನೋದನ್ನ ಒತ್ತಿ. ಯಾರಾದರೂ "ಈ ಹನ್ನೆರಡು ಪದ ಹಾಕು, ರೆಡಿ ವ್ಯಾಲೆಟ್ ಬರುತ್ತೆ" ಅಂದರೆ ಅದು ಅವನ ವ್ಯಾಲೆಟ್. ನೀವು ದುಡ್ಡು ಹಾಕ್ತೀರಿ, ಅವನು ತೆಗೀತಾನೆ.

4. ಹನ್ನೆರಡು ಪದಗಳನ್ನ ಪೆನ್ನಿನಲ್ಲಿ ಕಾಗದದ ಮೇಲೆ ಬರೀರಿ. ಸ್ಪೆಲ್ಲಿಂಗ್ ಮುಖ್ಯ, ಕ್ರಮ ಮುಖ್ಯ. ಕನ್ನಡ ಮೀಡಿಯಂನವರು ನಾಚಿಕೆ ಬಿಟ್ಟು ಒಂದೊಂದೇ ಅಕ್ಷರ ನೋಡಿ ಬರೀರಿ, ನಾನೂ ಹಾಗೇ ಬರೆದದ್ದು. ಎರಡು ಪ್ರತಿ ಮಾಡಿ ಎರಡು ಕಡೆ ಇಡಿ. ಫೋಟೊ ಬೇಡ, ಸ್ಕ್ರೀನ್‌ಶಾಟ್ ಬೇಡ, ಜಿಮೇಲ್ ಡ್ರಾಫ್ಟ್ ಬೇಡ, ನಿಮಗೆ ನೀವೇ ವಾಟ್ಸಾಪ್ ಮಾಡಿಕೊಳ್ಳೋದೂ ಬೇಡ.

5. ದುಡ್ಡು ಹಾಕುವ ಮೊದಲು ಪರೀಕ್ಷೆ ಮಾಡಿ. ಎಕ್ಸ್‌ಟೆನ್ಷನ್ ತೆಗೆದುಹಾಕಿ, ಮತ್ತೆ ಅದೇ ಜಾಗದಿಂದ ಹಾಕಿ, ಕಾಗದ ನೋಡಿಕೊಂಡು ವ್ಯಾಲೆಟ್ ವಾಪಸ್ ತರಿಸಿ. ಅದೇ ವಿಳಾಸ ಬಂದರೆ ಬರೆದದ್ದು ಸರಿ ಇದೆ. ಪದ ಕಳೆದುಕೊಂಡರೆ ಯಾವ ಕಂಪನಿಯೂ ಹುಡುಕಿಕೊಡಲ್ಲ.

6. ಮೊದಲು ಸೆಪೋಲಿಯಾ ಅನ್ನುವ ಪರೀಕ್ಷಾ ಜಾಲದಲ್ಲಿ ಕಳಿಸೋದು, ಪಡೆಯೋದು ಕಲೀರಿ. ಅಲ್ಲಿನ ನಾಣ್ಯಕ್ಕೆ ಬೆಲೆ ಇಲ್ಲ, ತಪ್ಪಾದರೂ ನಷ್ಟ ಇಲ್ಲ. ನಿಜವಾದ ಜಾಲದಲ್ಲಿ ಪ್ರತಿ ವ್ಯವಹಾರಕ್ಕೂ ಗ್ಯಾಸ್ ಅನ್ನುವ ಶುಲ್ಕ ಇದೆ. ಕಳಿಸುವಾಗ ಯಾವ ಜಾಲ ಅನ್ನೋದನ್ನ ಎರಡು ಸಲ ನೋಡಿ, ಮೊದಲು ಚಿಕ್ಕ ಮೊತ್ತ ಕಳಿಸಿ.

7. ಸೊನ್ನೆ ಎಕ್ಸ್‌ನಿಂದ ಶುರುವಾಗುವ ವಿಳಾಸ ಖಾತೆ ನಂಬರ್ ಇದ್ದ ಹಾಗೆ, ಕೊಡಬಹುದು. ಆದರೆ ಅದರಲ್ಲಿ ಎಷ್ಟಿದೆ, ಎಲ್ಲಿಗೆ ಹೋಯಿತು ಅಂತ ಯಾರು ಬೇಕಾದರೂ ನೋಡಬಹುದು. ಹೋರಾಟದಲ್ಲಿ ಇರುವವರು ತಮ್ಮ ಹೆಸರಿನ ಜೊತೆ ವಿಳಾಸ ಹಾಕುವ ಮುಂಚೆ ಯೋಚಿಸಿ. ಹಳೆಯ ವ್ಯವಹಾರದ ಪಟ್ಟಿಯಿಂದ ವಿಳಾಸ ಕಾಪಿ ಮಾಡಬೇಡಿ. ನಿಮ್ಮದರ ಹಾಗೇ ಕಾಣುವ ಕಳ್ಳ ವಿಳಾಸವನ್ನ ಅಲ್ಲಿ ಬಂದು ಕೂರುವ ಹಾಗೆ ಮಾಡ್ತಾರೆ.

8. ಯಾವುದೋ ಸೈಟು ವ್ಯಾಲೆಟ್‌ನಲ್ಲಿ ಸಹಿ ಕೇಳಿದರೆ ಓದದೆ ಒತ್ತಬೇಡಿ. ಅದು ಈಗಿನ ಹೆಬ್ಬೆಟ್ಟು. ಕೆಲವು ಅನುಮತಿ ಒಂದು ಸಲ ಕೊಟ್ಟರೆ ಆ ಟೋಕನ್ ಎಷ್ಟಿದ್ದರೂ ಎತ್ತಿಕೊಂಡು ಹೋಗಬಹುದು, ಹನ್ನೆರಡು ಪದವೂ ಬೇಕಾಗಲ್ಲ. ಪುಕ್ಕಟೆ ಟೋಕನ್ ಬಂದಿದೆ, ಕ್ಲೈಮ್ ಮಾಡಿ ಅಂದರೆ ಮುಟ್ಟಬೇಡಿ.

9. "ಸಪೋರ್ಟ್‌ನಿಂದ ಮಾತಾಡ್ತಿದೀವಿ" ಅಂತ ತಾವಾಗೇ ಬರುವವರೆಲ್ಲ ಕಳ್ಳರು. ಹನ್ನೆರಡು ಪದ ಕೇಳಿದವನು ಯಾರೇ ಆಗಲಿ ಕಳ್ಳ. ಅವನ ಡಿಪಿಯಲ್ಲಿ ಬಾಬಾಸಾಹೇಬರಿದ್ದರೂ ಕಳ್ಳ.

ಇನ್ನು ಕಾನೂನಿನ ಮಾತು. ಕ್ರಿಪ್ಟೊ ನಮ್ಮ ದೇಶದ ಅಧಿಕೃತ ನಾಣ್ಯ ಅಲ್ಲ. ಬ್ಯಾಂಕುಗಳು ಇದರ ವ್ಯವಹಾರದಲ್ಲಿ ಸೇರಬಾರದು ಅಂತ ರಿಸರ್ವ್ ಬ್ಯಾಂಕ್ 2018ರಲ್ಲಿ ಹೊರಡಿಸಿದ ಸುತ್ತೋಲೆಯನ್ನ ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ರದ್ದು ಮಾಡಿತು. ಆದರೆ 2022ರಿಂದ ಲಾಭದ ಮೇಲೆ 30% ತೆರಿಗೆ ಇದೆ, ಮಾರಿದಾಗ 1% ಟಿಡಿಎಸ್ ಇದೆ. ಒಂದು ಕಾಯಿನ್‌ನಲ್ಲಿ ಆದ ನಷ್ಟವನ್ನ ಇನ್ನೊಂದರ ಲಾಭದಲ್ಲಿ ಕಳೆಯೋ ಹಾಗೂ ಇಲ್ಲ. ಇದನ್ನ ಆ "ಅಣ್ಣ" ಹೇಳಿರಲಿಲ್ಲ.

ಎಕ್ಸ್‌ಚೇಂಜ್ ಬಗ್ಗೆ ಅವನು ಹೇಳಿದ್ದು ಅರ್ಧ ನಿಜ. 2024ರ ಜುಲೈನಲ್ಲಿ ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ಕ್ರಿಪ್ಟೊ ಕಳುವಾಗಿ, ಅಲ್ಲಿ ಇಟ್ಟಿದ್ದವರು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ಸ್ವಂತ ವ್ಯಾಲೆಟ್‌ನಲ್ಲಿ ಆ ಭಯ ಇಲ್ಲ, ಬದಲಿಗೆ ಪೂರ್ತಿ ಜವಾಬ್ದಾರಿ ನಿಮ್ಮದು. ಆ ಅರ್ಧ ನಿಜಕ್ಕೇ ನಮ್ಮ ಹುಡುಗ ಬಿದ್ದದ್ದು.

ಪದ ಬೇರೆಯವರಿಗೆ ಗೊತ್ತಾಗಿದೆ ಅಂತ ಅನುಮಾನ ಬಂದರೆ ಪಾಸ್‌ವರ್ಡ್ ಬದಲಿಸುತ್ತಾ ಕೂರಬೇಡಿ, ಅದರಿಂದ ಉಪಯೋಗ ಇಲ್ಲ. ಹೊಸ ಹನ್ನೆರಡು ಪದದ ಹೊಸ ವ್ಯಾಲೆಟ್ ಮಾಡಿ ಉಳಿದದ್ದನ್ನ ತಕ್ಷಣ ಅಲ್ಲಿಗೆ ಸಾಗಿಸಿ. ಮೋಸ ಆಗಿದ್ದರೆ ಆ ಗಳಿಗೆಯಲ್ಲೇ 1930ಕ್ಕೆ ಫೋನ್ ಮಾಡಿ. ಚಾಟ್, ಫೋನ್ ನಂಬರ್, ವ್ಯವಹಾರದ ಹ್ಯಾಶ್ ಯಾವುದನ್ನೂ ಅಳಿಸಬೇಡಿ. ನಮ್ಮ ಹುಡುಗ ನಾಚಿಕೆಯಿಂದ ನಾಲ್ಕು ದಿನ ಬಾಯಿ ಬಿಡಲಿಲ್ಲ. ದೂರು ದಾಖಲಾಗಿದೆ, ದುಡ್ಡು ಬಂದಿಲ್ಲ. ಮೋಸ ಮಾಡಿದವನಿಗಿಲ್ಲದ ನಾಚಿಕೆ ಮೋಸ ಹೋದವನಿಗೆ ಯಾಕೆ?

ಕೊನೆಯದಾಗಿ, ಸಾಲದ ದುಡ್ಡು ಹಾಕಬೇಡಿ. ಸಂಘದ ದುಡ್ಡು, ಸ್ಕಾಲರ್‌ಶಿಪ್ ದುಡ್ಡು, ಅಮ್ಮನ ಓಲೆ ಅಡವಿಟ್ಟ ದುಡ್ಡು ಯಾವುದೂ ಬೇಡ. ಹೋದರೆ ಹೋಗಲಿ ಅನ್ನುವಷ್ಟು ದುಡ್ಡು ನಮ್ಮಲ್ಲಿ ಎಷ್ಟು ಜನರ ಹತ್ರ ಇದೆ? ಇಲ್ಲದಿದ್ದರೆ ವ್ಯಾಲೆಟ್ ಖಾಲಿ ಇರಲಿ, ಕಲಿತದ್ದು ಎಲ್ಲಿಗೂ ಹೋಗಲ್ಲ.

ನಮ್ಮ ಅಂಬೇಡ್ಕರ್ ಭವನದಲ್ಲಿ ತಿಂಗಳಿಗೊಂದು ಭಾನುವಾರ ಓದಿನ ಸಭೆ ಮಾಡ್ತೀವಲ್ಲ, ಮುಂದಿನ ಸಲ ಒಂದು ಗಂಟೆ ಇದಕ್ಕೇ ಕೊಡೋಣ ಅಂತ ಕೇಳಿದೀನಿ. ವ್ಯಾಲೆಟ್, ಯುಪಿಐ, ಸಾಲದ ಆಪ್ ಎಲ್ಲದರ ಮೋಸ ಸೇರಿಸಿ ಮಾತಾಡೋಣ. ನಿಮ್ಮ ನಿಮ್ಮ ಊರಲ್ಲೂ ಮಾಡಿ. ಪೆನ್ನು, ಪೇಪರ್ ತನ್ನಿ, ದುಡ್ಡು ತರಬೇಡಿ. ಅಲ್ಲಿ ನಿಂತು ಮೊದಲು ಮಾತಾಡುವವನು ನನ್ನ ಅಕ್ಕನ ಮಗ. ಒಪ್ಪಿಕೊಂಡಿದಾನೆ.

ಈ ಸಲ ಅವನು ಏನಾದರೂ ಕೇಳಿದರೆ ನಾನು ಮೀಟಿಂಗಿಗೆ ಹೊತ್ತಾಯಿತು ಅನ್ನಲ್ಲ. ನಿಮ್ಮ ಮನೆಯ ಹುಡುಗರು ಕೇಳಿದಾಗ ನೀವೂ ಅನ್ನಬೇಡಿ.

ಶೇರ್ ಮಾಡಿ, ಕಾಪಿ ಮಾಡಿ, ನನ್ನ ಹೆಸರು ಹಾಕದಿದ್ದರೂ ಪರವಾಗಿಲ್ಲ. ಜೈಭೀಮ್.