ಮೌನವು ಸಮ್ಮತಿಯಲ್ಲ

‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಮಾತನ್ನು ನಮ್ಮ ಹೊಳಲಿನ ಕಡೆ ಹೆಣ್ಣು ನೋಡುವ ಶಾಸ್ತ್ರದಲ್ಲಿ ಇಂದಿಗೂ ಕೇಳುತ್ತೇವೆ. ಆದರೆ ಬಲಿಪೀಠದ ಮುಂದೆ ವಧುವಿನ ಮೌನವನ್ನು ನಾವು ಒಪ್ಪುವುದಿಲ್ಲ. ಆಕೆಯೇ ಬಾಯಿಬಿಟ್ಟು ಹೇಳಬೇಕು. ಬೆದರಿಸಿ ಪಡೆದ ಒಪ್ಪಿಗೆಯಿಂದಾದ ವಿವಾಹವನ್ನು ಧರ್ಮಸಭೆಯ ಕಾನೂನು ಅಸಿಂಧುವೆನ್ನುತ್ತದೆ. ಹೀಗಿರುವಾಗ ಅತ್ಯಾಚಾರಕ್ಕೊಳಗಾದವಳನ್ನು ‘ಏಕೆ ಕೂಗಲಿಲ್ಲ?’ ಎಂದು ಕೇಳುವ ಅಧಿಕಾರ ನಮಗೆಲ್ಲಿಯದು?

2020ರ ಜೂನ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಜಾಮೀನು ಆದೇಶವೊಂದು, ಕೃತ್ಯದ ನಂತರ ದಣಿದು ನಿದ್ದೆಹೋದೆನೆಂಬ ದೂರುದಾರಳ ವಿವರಣೆ ಭಾರತೀಯ ಹೆಣ್ಣಿಗೆ ತಕ್ಕುದಲ್ಲವೆಂದಿತು. ಮರುತಿಂಗಳು ನ್ಯಾಯಾಲಯವೇ ಆ ಮಾತನ್ನು ಅಳಿಸಿತು. ಭೀತಿಯಲ್ಲಿ ದೇಹ ಮರಗಟ್ಟುವುದುಂಟು, ಧ್ವನಿ ಉಡುಗುವುದುಂಟು. ಆಮೇಲೆ ನಿದ್ದೆ ಬರಬಹುದು, ತಿಂಗಳುಗಟ್ಟಲೆ ಬಾರದೆಯೂ ಇರಬಹುದು. ಕೆಲವರು ಎಷ್ಟೋ ವರ್ಷಗಳ ನಂತರ ಬಾಯಿಬಿಡುತ್ತಾರೆ. ಪ್ರತಿರೋಧಿಸದ ಮಾತ್ರಕ್ಕೆ ಸಮ್ಮತಿಯಾಗದೆಂದು 2013ರ ತಿದ್ದುಪಡಿಯೇ ಹೇಳಿದೆ.

ಸಂತ ಅಗಸ್ಟೀನರು, 410ರಲ್ಲಿ ರೋಮ್ ಸೂರೆಯಾದಾಗ ಬಲಾತ್ಕಾರಕ್ಕೊಳಗಾದ ಸ್ತ್ರೀಯರ ಪರವಾಗಿ, ಮನಸ್ಸು ಒಪ್ಪದಿರುವಲ್ಲಿ ಪರರ ಕಾಮವು ಆಕೆಯನ್ನು ಮಲಿನಗೊಳಿಸದೆಂದು ವಾದಿಸಿದ್ದರು. ನಾವಾದರೋ ಸಂತ ಮರಿಯ ಗೊರೆಟ್ಟಿಯ ಹಬ್ಬದಂದು ‘ಪ್ರಾಣ ಕೊಟ್ಟು ಶೀಲ ಉಳಿಸಿಕೊಂಡಳು’ ಎಂದೇ ಬೋಧಿಸುತ್ತ ಬಂದೆವು. ಪ್ರಾಣ ಉಳಿಸಿಕೊಂಡು ಬಂದವಳು ಎದುರಿನ ಸಾಲಿನಲ್ಲಿ ಕುಳಿತು ಅದನ್ನು ಹೇಗೆ ಕೇಳಿಸಿಕೊಂಡಳೋ! ಜುಲೈ 6ರ ಆ ಪ್ರಬೋಧನೆಯನ್ನು ನಾವು ಬದಲಿಸಿದ್ದೇವೆ.