ಆಟಿಕೆ ಎಂಜಿನ್ನಿಗೊಬ್ಬ ಡ್ರೈವರ್

ಒಂದು ಜೋಡಿ ಹಳಿ. ಅದರ ಮೇಲೆ ಎರಡು ಆಟಿಕೆ ಎಂಜಿನ್. ಒಂದು ಸ್ಟೇಷನ್ನಿನಲ್ಲಿ ನಿಂತೇ ಇರಬೇಕು, ಇನ್ನೊಂದು ಮೆಲ್ಲನೆ ಬಂದು ಅದಕ್ಕೆ ಕೊಂಡಿ ಹಾಕಿಕೊಳ್ಳಬೇಕು. ಸಾಧ್ಯವೆ?

ವಿದ್ಯುತ್ ಪಾಠ ನೆನಪಿರುವ ವಿದ್ಯಾರ್ಥಿ ‘ಆಗದು’ ಎಂದುಬಿಡುತ್ತಾನೆ. ಅವನ ಲೆಕ್ಕ ಸರಿಯೇ. ಸಾಧಾರಣ ಆಟಿಕೆ ರೈಲಿನಲ್ಲಿ ಎರಡು ಹಳಿಗಳೆಂದರೆ ಬ್ಯಾಟರಿಯ ಎರಡು ಧ್ರುವಗಳಿದ್ದಂತೆ. ಗಾಲಿಗಳ ಮೂಲಕ ವಿದ್ಯುತ್ ನೇರವಾಗಿ ಮೋಟಾರಿಗೆ ಹೋಗುತ್ತದೆ. ವೋಲ್ಟೇಜು ಏರಿಸಿದರೆ ವೇಗ ಹೆಚ್ಚುತ್ತದೆ, ಧ್ರುವ ಅದಲುಬದಲು ಮಾಡಿದರೆ ರೈಲು ಹಿಂದಕ್ಕೆ ಓಡುತ್ತದೆ. ಹಳಿಯ ಮೇಲೆ ಎರಡು ಎಂಜಿನ್ ಇಟ್ಟರೆ ಎರಡೂ ಒಟ್ಟಿಗೇ ಹೊರಡುತ್ತವೆ. ಇದನ್ನು ತಪ್ಪಿಸಲು ಹಿಂದಿನ ಹವ್ಯಾಸಿಗಳು ಹಳಿಯನ್ನು ತುಂಡು ತುಂಡಾಗಿ ಬೇರ್ಪಡಿಸಿ, ಪ್ರತಿ ತುಂಡಿಗೂ ಒಂದು ಸ್ವಿಚ್ಚು ಇಟ್ಟುಕೊಳ್ಳುತ್ತಿದ್ದರು. ಮೇಜಿನ ಮೇಲೆ ಚಂದದ ಊರು, ಕೆಳಗೆ ನೋಡಿದರೆ ವೈರುಗಳ ಸಿಕ್ಕು!

ನಿಜವಾದ ವಿದ್ಯುತ್ ರೈಲು ಹೀಗಲ್ಲ. ನಮ್ಮ ರೈಲು ಮಾರ್ಗಗಳ ಮೇಲೆ ಎಳೆದಿರುವ ತಂತಿಯಲ್ಲಿ ಸದಾ 25,000 ವೋಲ್ಟ್ ಇರುತ್ತದೆ. ಅದರಲ್ಲಿ ಎಷ್ಟನ್ನು ಮೋಟಾರಿಗೆ ಬಿಡಬೇಕು ಎಂಬುದನ್ನು ಎಂಜಿನ್ನಿನೊಳಗೆ ಕುಳಿತ ಡ್ರೈವರ್ ನಿರ್ಧರಿಸುತ್ತಾನೆ. ಆಟಿಕೆಯಲ್ಲೂ ಹಾಗೆ ಒಬ್ಬ ಡ್ರೈವರ್ ಇದ್ದರೆ? ಆ ಕೆಲಸಕ್ಕೆ ಬಂದದ್ದೇ ಡಿಕೋಡರ್ ಎಂಬ ಉಗುರಿನಗಲದ ಎಲೆಕ್ಟ್ರಾನಿಕ್ ಹಲಗೆ. ಜರ್ಮನಿಯ ಲೆನ್ಸ್ ಕಂಪನಿ 1980ರ ದಶಕದ ಕೊನೆಯಲ್ಲಿ ರೂಪಿಸಿದ ವಿಧಾನವನ್ನು ಆಧಾರವಾಗಿಟ್ಟುಕೊಂಡು, ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ರಾಷ್ಟ್ರೀಯ ಸಂಘ 1990ರ ದಶಕದಲ್ಲಿ ಎಲ್ಲರಿಗೂ ತೆರೆದ ಒಂದು ಮಾನಕವನ್ನು ಹೊರತಂದಿತು. ಅದೇ ಡಿಜಿಟಲ್ ಕಮಾಂಡ್ ಕಂಟ್ರೋಲ್, ಚುಟುಕಾಗಿ ಡಿಸಿಸಿ. ಒಂದು ಕಂಪನಿಯ ಡಿಕೋಡರ್ ಇನ್ನೊಂದು ಕಂಪನಿಯ ನಿಯಂತ್ರಕದ ಮಾತು ಕೇಳುವಂತಾದದ್ದು ಇದರಿಂದ. ಮೊಬೈಲ್ ಚಾರ್ಜರುಗಳ ವಿಷಯದಲ್ಲಿ ಈ ವಿವೇಕ ಎಷ್ಟು ತಡವಾಗಿ ಬಂತೆಂದು ಪೋಷಕರಿಗೆ ಗೊತ್ತು.

ಡಿಸಿಸಿ ಹಳಿಯಲ್ಲಿ ಪೂರ್ಣ ವೋಲ್ಟೇಜು ಯಾವಾಗಲೂ ಇರುತ್ತದೆ. ಆದರೆ ಅದರ ಧ್ರುವ ಸೆಕೆಂಡಿಗೆ ಸಾವಿರಾರು ಬಾರಿ ಬದಲಾಗುತ್ತಿರುತ್ತದೆ. ಆ ಬದಲಾವಣೆಯ ಲಯವೇ ಭಾಷೆ. ಪ್ರತಿ ಅರ್ಧ ಅಲೆ 58 ಮೈಕ್ರೋಸೆಕೆಂಡ್ ಇದ್ದರೆ ಅದು ‘1’; 100 ಮೈಕ್ರೋಸೆಕೆಂಡ್ ಅಥವಾ ಹೆಚ್ಚಿದ್ದರೆ ‘0’. ಇಂಥ ಒಂದು ಸೊನ್ನೆಗಳ ಸಾಲಿನಲ್ಲಿ ಮೊದಲು ಎಂಜಿನ್ನಿನ ವಿಳಾಸ, ಆಮೇಲೆ ಆಜ್ಞೆ, ಕೊನೆಗೆ ತಾಳೆ ನೋಡುವ ಸಂಖ್ಯೆ ಬರುತ್ತವೆ. ವಿಳಾಸ 3 ಎಂದರೆ 00000011. ‘ಮುಂದಕ್ಕೆ, ಮಧ್ಯಮ ವೇಗ’ ಎಂಬ ಆಜ್ಞೆ 01101000. ಇವೆರಡನ್ನೂ ಒಂದರ ಕೆಳಗೊಂದು ಬರೆಯಿರಿ. ಮೇಲಿನ ಅಂಕಿ ಕೆಳಗಿನ ಅಂಕಿ ಒಂದೇ ಆದರೆ 0, ಬೇರೆಯಾದರೆ 1 ಹಾಕುತ್ತ ಹೋಗಿ. 01101011 ಬರುತ್ತದೆ. ಇದೇ ತಾಳೆಯ ಸಂಖ್ಯೆ. ಗಾಲಿಗೆ ಧೂಳು ಹತ್ತಿ ನಡುವೆ ಒಂದು ಅಂಕಿ ಕೆಟ್ಟರೆ ತಾಳೆಯಾಗುವುದಿಲ್ಲ. ಡಿಕೋಡರ್ ಆ ಸಂದೇಶವನ್ನು ಕೈಬಿಟ್ಟು ಮುಂದಿನದಕ್ಕೆ ಕಾಯುತ್ತದೆ. ನಿಯಂತ್ರಕ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತಿರುತ್ತದೆ, ಮಗ್ಗಿ ಹೇಳಿಸುವ ಮೇಷ್ಟರ ಹಾಗೆ.

ಈ ಡ್ರೈವರನ್ನು ಕೂರಿಸುವುದೇ ಕಷ್ಟದ ಕೆಲಸ. ಅದರಲ್ಲೂ ‘ಎನ್’ ಅಳತೆಯ ಎಂಜಿನ್ನಿನಲ್ಲಿ. ಇದರ ಹಳಿಗಳ ನಡುವಿನ ಅಂತರ ಬರೀ 9 ಮಿಲಿಮೀಟರ್. ಜರ್ಮನಿ ಅಮೆರಿಕಗಳಲ್ಲಿ ಪ್ರಮಾಣ 1:160. ಹದಿನೆಂಟು ಮೀಟರ್ ಉದ್ದದ ಡೀಸೆಲ್ ಎಂಜಿನ್ ಹನ್ನೊಂದು ಸೆಂಟಿಮೀಟರಿಗೆ ಇಳಿದಿರುತ್ತದೆ. ಪ್ಲಾಸ್ಟಿಕ್ ಹೊದಿಕೆ ತೆಗೆದರೆ ಒಳಗೆ ಖಾಲಿ ಜಾಗವೇ ಇಲ್ಲ. ಅನೇಕ ಹಳೆಯ ಎಂಜಿನ್ನುಗಳಲ್ಲಿ ಎಡಕ್ಕೊಂದು ಬಲಕ್ಕೊಂದು ಲೋಹದ ದಪ್ಪ ತುಂಡು, ನಡುವೆ ಮೋಟಾರು. ತೂಕವಿಲ್ಲದೆ ಗಾಲಿಗೆ ಹಿಡಿತವಿಲ್ಲ, ಆದ್ದರಿಂದ ಲೋಹ ಬೇಕು. ತಯಾರಕರು ಅದೇ ಲೋಹವನ್ನು ತಂತಿಯಾಗಿಯೂ ದುಡಿಸಿಕೊಂಡಿದ್ದಾರೆ. ಎಡ ಹಳಿಯ ವಿದ್ಯುತ್ ಎಡ ತುಂಡಿಗೆ, ಬಲ ಹಳಿಯದು ಬಲ ತುಂಡಿಗೆ. ಮೋಟಾರಿನ ಎರಡು ಬ್ರಷ್‌ಗಳ ತಾಮ್ರದ ಪಟ್ಟಿಗಳು ಒಂದೊಂದು ತುಂಡಿಗೆ ತಾಗಿರುತ್ತವೆ. ಜಾಣತನದ ವಿನ್ಯಾಸವೇನೋ ಹೌದು, ಆದರೆ ಡಿಕೋಡರ್‌ಗೆ ಇದೇ ಯಮಪಾಶ.

ಏಕೆಂದರೆ ಡಿಕೋಡರ್ ಇರಬೇಕಾದದ್ದು ಹಳಿಗೂ ಮೋಟಾರಿಗೂ ನಡುವೆ. ಒಂದು ಪಟ್ಟಿ ಕೂದಲೆಳೆಯಷ್ಟು ಲೋಹಕ್ಕೆ ತಾಗಿದ್ದರೂ ಹಳಿಯ ವಿದ್ಯುತ್ ಹಿತ್ತಲ ಬಾಗಿಲಿನಿಂದ ಡಿಕೋಡರ್‌ನ ಟ್ರಾನ್ಸಿಸ್ಟರ್‌ಗಳಿಗೆ ನುಗ್ಗುತ್ತದೆ. ಒಂದೆಳೆ ಹೊಗೆ, ಸುಟ್ಟ ವಾಸನೆ, ಅಷ್ಟೆ. ಹುಡುಗ ತಿಂಗಳುಗಟ್ಟಲೆ ಕೂಡಿಟ್ಟ ಹಣ ಅರೆಕ್ಷಣದಲ್ಲಿ ಹೋಗುತ್ತದೆ, ಬಹುಮಟ್ಟಿಗೆ ರಿಪೇರಿಯೂ ಇಲ್ಲ.

ಆದ್ದರಿಂದ ಮೊದಲು ಮೋಟಾರನ್ನು ಹೊರತೆಗೆಯಬೇಕು. ಪಟ್ಟಿಗಳನ್ನು ಕತ್ತರಿಸಿ ಅಥವಾ ಬಾಗಿಸಿ, ಅವು ತಾಗುತ್ತಿದ್ದ ಜಾಗಕ್ಕೆ ಕ್ಯಾಪ್ಟನ್ ಎಂಬ ಜೇನುಬಣ್ಣದ ಟೇಪು ಅಂಟಿಸಬೇಕು. ಅದು ಶಾಖ ತಡೆಯುತ್ತದೆ. ಮನೆಯ ಸೆಲೋಟೇಪು ತಡೆಯುವುದಿಲ್ಲ. ಡಿಕೋಡರ್‌ಗೆ ಜಾಗ ಸಾಲದಿದ್ದರೆ ಲೋಹದ ತುಂಡನ್ನು ಅರದಿಂದ ಉಜ್ಜಿ ಗುಳಿ ಮಾಡಬೇಕು. ಮೋಟಾರು ಆಗ ಮೇಜಿನ ಇನ್ನೊಂದು ತುದಿಯಲ್ಲಿರಲಿ, ಲೋಹದ ಪುಡಿ ಅದರೊಳಗೆ ಹೋದರೆ ಬೇರೆಯದೇ ರಗಳೆ. ಹೆಚ್ಚು ಉಜ್ಜಿದರೆ ತೂಕ ಕಡಿಮೆಯಾಗಿ ಎಂಜಿನ್ ಎಳೆಯುವ ಬೋಗಿಗಳೂ ಕಡಿಮೆಯಾಗುತ್ತವೆ.

ವೈರುಗಳ ಬಣ್ಣವೂ ಮಾನಕದಲ್ಲೇ ಇದೆ. ಕೆಂಪು ಬಲ ಹಳಿಗೆ, ಕಪ್ಪು ಎಡ ಹಳಿಗೆ. ಕಿತ್ತಳೆ, ಬೂದು ಎರಡೂ ಮೋಟಾರಿಗೆ. ದೀಪಗಳಿಗೆ ನೀಲಿ, ಬಿಳಿ, ಹಳದಿ. ಲೋಹದ ತುಂಡುಗಳು ಹೆಚ್ಚಾಗಿ ಸತುವಿನ ಮಿಶ್ರಲೋಹವಾದ್ದರಿಂದ ಅವಕ್ಕೆ ಬೆಸುಗೆ ಸುಲಭವಾಗಿ ಹಿಡಿಯದು. ಸಣ್ಣ ಸ್ಕ್ರೂ ಹಾಕಿ ವೈರು ಬಿಗಿಯುವುದೇ ಮೇಲು. ಬೆಸುಗೆ ಹಾಕುವಾಗ ಮನೆಯ ಹಿರಿಯರೊಬ್ಬರು ಪಕ್ಕದಲ್ಲಿರಲಿ, ಕಿಟಕಿ ತೆರೆದಿರಲಿ.

ಈಗ ಮಲ್ಟಿಮೀಟರ್. ಕಿತ್ತಳೆ, ಬೂದು ವೈರುಗಳನ್ನು ಬೆಸೆಯುವ ಮೊದಲೇ ಎರಡು ಬ್ರಷ್‌ಗಳಿಂದ ಎರಡು ಲೋಹದ ತುಂಡುಗಳಿಗೆ, ಒಟ್ಟು ನಾಲ್ಕು ಬಾರಿ ರೋಧ ಅಳೆಯಬೇಕು. ನಾಲ್ಕರಲ್ಲಿ ಒಂದರಲ್ಲೂ ಸಂಪರ್ಕ ಕಾಣಬಾರದು. ಹಲವರು ಎಂಜಿನ್ನನ್ನು ಬಿಡಿಯಾಗಿರುವಾಗ ಅಳೆದು ಸಮಾಧಾನಪಡುತ್ತಾರೆ. ಸ್ಕ್ರೂ ಬಿಗಿದಾಗ ತುಂಡುಗಳು ಹತ್ತಿರ ಸರಿದು ಮತ್ತೆ ತಾಗಬಹುದು! ಬಿಗಿದ ಮೇಲೆ ಅಳೆದದ್ದೇ ಲೆಕ್ಕ. ಮೊದಲ ಪರೀಕ್ಷೆ ಕೂಡ ‘ಪ್ರೋಗ್ರಾಮಿಂಗ್’ ಹಳಿಯ ಮೇಲೆ. ಅಲ್ಲಿ ಹರಿಯುವ ವಿದ್ಯುತ್ತಿಗೆ ಮಿತಿ ಇರುವುದರಿಂದ ಲೋಪವಿದ್ದರೂ ಡಿಕೋಡರ್ ಸಾಮಾನ್ಯವಾಗಿ ಬದುಕಿಕೊಳ್ಳುತ್ತದೆ. ಎಂಜಿನ್ ಉಲ್ಟಾ ಓಡಿದರೆ ಗಾಬರಿ ಬೇಡ, ಕಿತ್ತಳೆ ಬೂದು ಅದಲುಬದಲಾಗಿವೆ ಅಷ್ಟೆ.

ಇಷ್ಟಾದ ಮೇಲೆ ಕಾಣುವ ಓಟವೇ ಬೇರೆ. ಡಿಕೋಡರ್ ಮೋಟಾರಿಗೆ ವಿದ್ಯುತ್ತನ್ನು ಸತತವಾಗಿ ಕೊಡುವುದಿಲ್ಲ, ಪೂರ್ಣ ವೋಲ್ಟೇಜನ್ನೇ ಚೂರು ಚೂರಾಗಿ ಕೊಡುತ್ತದೆ. ಚೂರು ಅಗಲವಾದಷ್ಟೂ ವೇಗ ಹೆಚ್ಚು. ಎರಡು ಚೂರುಗಳ ನಡುವಿನ ಬಿಡುವಿನಲ್ಲಿ ತಿರುಗುತ್ತಲೇ ಇರುವ ಮೋಟಾರು ಡೈನಮೋ ಆಗಿಬಿಡುತ್ತದೆ, ಸೈಕಲ್ ದೀಪದ ಡೈನಮೋ ಥರ. ಅನೇಕ ಡಿಕೋಡರ್‌ಗಳು ಆಗ ಹುಟ್ಟುವ ವೋಲ್ಟೇಜನ್ನು ಅಳೆದು, ಏರಿನಲ್ಲಿ ವೇಗ ಕುಗ್ಗಿದ್ದನ್ನು ತಿಳಿದು, ಚೂರನ್ನು ಅಗಲ ಮಾಡುತ್ತವೆ. ಪಿಯುಸಿ ಪುಸ್ತಕದಲ್ಲಿ ಬ್ಯಾಕ್ ಇಎಂಎಫ್ ಎಂಬ ಸೂತ್ರವಾಗಿ ಕುಳಿತಿರುವುದು ಇದೇ. ಇರುವೆಯ ನಡಿಗೆಯಲ್ಲಿ ಬಂದು ಸದ್ದಿಲ್ಲದೆ ಕೊಂಡಿ ಹಾಕಿಕೊಳ್ಳುವ ಎಂಜಿನ್ ನೋಡಿದವರಿಗೆ ಆ ಸೂತ್ರ ಮರೆಯಲಿಕ್ಕಿಲ್ಲ.

ಈಚಿನ ಅನೇಕ ಎಂಜಿನ್ನುಗಳಲ್ಲಿ ಆರು ಅಥವಾ ಹದಿನೆಂಟು ತೂತಿನ ಸಾಕೆಟ್ ಇರುತ್ತದೆ. ಡಿಕೋಡರ್ ಸಿಕ್ಕಿಸಿದರೆ ಮುಗಿಯಿತು. ಎರಡರಲ್ಲೂ ಒಂದು ವಿಷಯ ಮಾತ್ರ ಸಮಾನ. ಹೊಸ ಡಿಕೋಡರ್ ಸಾಮಾನ್ಯವಾಗಿ 3ನೆಯ ವಿಳಾಸದೊಂದಿಗೇ ಬರುತ್ತದೆ. ಅದನ್ನು ಬದಲಿಸುವಾಗ ಪ್ರೋಗ್ರಾಮಿಂಗ್ ಹಳಿಯ ಮೇಲೆ ಒಂದೇ ಎಂಜಿನ್ ಇರಬೇಕು. ಎರಡಿದ್ದರೆ ಎರಡಕ್ಕೂ ಒಂದೇ ಹೊಸ ನಂಬರು ಕೂರುತ್ತದೆ, ಮತ್ತೆ ಎರಡೂ ಒಟ್ಟಿಗೇ ಹೊರಡುತ್ತವೆ.